ಬ್ಯಾಕ್ಟೀರಿಯಾಗಳ ಮಾತುಕತೆ ತಡೆಯುವ ಅಣು: ಹುಡುಕಿದ್ದು ಸಾಕು, ಪರೀಕ್ಷೆ ಬೇಕು

2009ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರ ತಂಡವೊಂದು ಈಗಾಗಲೇ ಬಳಕೆಯಲ್ಲಿರುವ ಔಷಧಗಳ ರಚನೆಗಳನ್ನು ಕಂಪ್ಯೂಟರಿಗೆ ಕೊಟ್ಟು, ಅವುಗಳಲ್ಲಿ ಯಾವುದಕ್ಕಾದರೂ ಬ್ಯಾಕ್ಟೀರಿಯಾಗಳ ಪರಸ್ಪರ ಸಂವಹನವನ್ನು ತಡೆಯುವ ಶಕ್ತಿ ಇದೆಯೇ ಎಂದು ಹುಡುಕಿತು. ಕಂಪ್ಯೂಟರ್ ಸೂಚಿಸಿದ ಹೆಸರುಗಳಲ್ಲಿ ಮೂರು ಪ್ರಯೋಗಾಲಯದಲ್ಲೂ ಕೆಲಸ ಮಾಡಿದವು. ಆಸ್ಪಿರಿನ್ ಮಾತ್ರೆ ದೇಹದೊಳಗೆ ಒಡೆದಾಗ ಉಂಟಾಗುವ ಸ್ಯಾಲಿಸಿಲಿಕ್ ಆಮ್ಲ ಒಂದು; ಭೇದಿಗೆ ಕೊಡುವ ನಿಫುರಾಕ್ಸಜೈಡ್ ಇನ್ನೊಂದು; ಸ್ನಾಯು ಸೆಳೆತಕ್ಕೆ ಕೊಡುವ ಕ್ಲೋರ್‌ಜಾಕ್ಸಜೋನ್ ಮತ್ತೊಂದು. ಆ ಬಳಿಕ ಇದೇ ಮಾದರಿಯ ಪ್ರಬಂಧಗಳು ಜಗತ್ತಿನ ಎಲ್ಲ ಕಡೆಯಿಂದ ಬಂದಿವೆ, ಭಾರತದ ವಿಶ್ವವಿದ್ಯಾಲಯಗಳಿಂದಲೂ ಧಾರಾಳವಾಗಿ ಬಂದಿವೆ. ಆದರೆ ಈ ದಾರಿಯಲ್ಲಿ ಹೊರಟ ಒಂದು ಸಂಯುಕ್ತವೂ ಬ್ಯಾಕ್ಟೀರಿಯಾಗಳ ಸಂವಹನ ತಡೆಯುವ ಔಷಧವೆಂದು ಮನುಷ್ಯರ ಚಿಕಿತ್ಸೆಗೆ ಅನುಮೋದನೆ ಪಡೆದಿಲ್ಲ. ಇದಕ್ಕೆ ಕಂಪ್ಯೂಟರನ್ನು ದೂರುವುದು ಸರಿಯಲ್ಲ. ನಾವು ಅದಕ್ಕೆ ಸುಲಭದ ಪ್ರಶ್ನೆ ಕೇಳಿ, ಅದು ಕೊಟ್ಟ ಉತ್ತರವನ್ನು ಕಷ್ಟದ ಪ್ರಶ್ನೆಯ ಉತ್ತರವೆಂದು ಪ್ರಕಟಿಸುತ್ತಿದ್ದೇವೆ. ಈ ಕ್ಷೇತ್ರದಲ್ಲಿ ಕೊರತೆ ಇರುವುದು ಅಣುಗಳ ಹೆಸರುಗಳಿಗಲ್ಲ, ಜೀವಂತ ಬ್ಯಾಕ್ಟೀರಿಯಾಗಳ ಮೇಲೆ ಅವುಗಳನ್ನು ಒರೆಗೆ ಹಚ್ಚುವ ಕೆಲಸಕ್ಕೆ.

ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಸುಳಿವು ಕೊಡುತ್ತವೆ ಎಂಬುದು ಮೊದಲು ಸ್ಪಷ್ಟವಾದದ್ದು ಸಮುದ್ರದಲ್ಲಿ ಬೆಳಕು ಬೀರುವ ಜಾತಿಗಳಲ್ಲಿ. 1970ರಲ್ಲಿ ನೀಲ್ಸನ್, ಪ್ಲಾಟ್ ಮತ್ತು ಹೇಸ್ಟಿಂಗ್ಸ್ ಎಂಬ ವಿಜ್ಞಾನಿಗಳು, ಅಂಥ ಬ್ಯಾಕ್ಟೀರಿಯಾವನ್ನು ಹೊಸ ದ್ರವದಲ್ಲಿ ಬೆಳೆಸಿದಾಗ ಅದು ಆರಂಭದಲ್ಲಿ ಬೆಳಕಿನ ಸಾಮಗ್ರಿಯನ್ನೇ ತಯಾರಿಸುವುದಿಲ್ಲ, ಸಂಖ್ಯೆ ಒಂದು ಮಟ್ಟ ಮುಟ್ಟಿದ ಮೇಲೆ ಒಮ್ಮೆಗೇ ತಯಾರಿಸತೊಡಗುತ್ತದೆ ಎಂದು ತೋರಿಸಿದರು. ಪ್ರತಿ ಜೀವಕೋಶವೂ ಒಂದು ಪುಟ್ಟ ಅಣುವನ್ನು ಹೊರಗೆ ಬಿಡುತ್ತಿರುತ್ತದೆ. ಸುತ್ತ ಜನಸಂದಣಿ ಹೆಚ್ಚಿದಂತೆ ಆ ಅಣುವಿನ ಸಾಂದ್ರತೆಯೂ ಏರುತ್ತದೆ. ಸಾಕಷ್ಟು ಏರಿದಾಗ ಅದು ಕೋಶದೊಳಗಿನ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು ಜೀನ್‌ಗಳನ್ನು ಎಚ್ಚರಿಸುತ್ತದೆ. ಆ ಅಣುವಿನ ರಚನೆ 1981ರಲ್ಲಿ ತಿಳಿಯಿತು. ಹವಾಯಿಯ ಪುಟ್ಟ ಸ್ಕ್ವಿಡ್ ಒಂದು, ನಮ್ಮ ಕರಾವಳಿಯವರು ಬೊಂಡಾಸ ಎನ್ನುವ ಪ್ರಾಣಿಯ ದೂರದ ಬಳಗ, ಇಂಥ ಬ್ಯಾಕ್ಟೀರಿಯಾವನ್ನು ಹೊಟ್ಟೆಯ ಬಳಿಯ ಅಂಗವೊಂದರಲ್ಲಿ ಸಾಕಿಕೊಂಡು, ಬೆಳದಿಂಗಳಲ್ಲಿ ತನ್ನ ನೆರಳು ಕೆಳಗೆ ಕಾಣದಂತೆ ಬೆಳಕು ಬೀರುತ್ತದೆ. ಗ್ರಾಮಸಭೆಯಲ್ಲಿ ಕೋರಂ ತುಂಬದೆ ನಿರ್ಣಯ ಆಗದ ಹಾಗೆ, ಇಲ್ಲೂ ತಲೆ ಎಣಿಕೆ ಆಗದೆ ಕೆಲಸ ಶುರುವಾಗುವುದಿಲ್ಲ. 1994ರಲ್ಲಿ ಫುಕ್ವಾ, ವಿನಾನ್ಸ್ ಮತ್ತು ಗ್ರೀನ್‌ಬರ್ಗ್ ಇದಕ್ಕೆ 'ಕೋರಂ ಸೆನ್ಸಿಂಗ್' ಎಂಬ ಹೆಸರನ್ನೇ ಇಟ್ಟರು.

ವೈದ್ಯಲೋಕಕ್ಕೆ ಇದು ಮುಖ್ಯವಾದದ್ದು ಸ್ಯೂಡೊಮೊನಾಸ್ ಏರುಜಿನೋಸ ಎಂಬ ಬ್ಯಾಕ್ಟೀರಿಯಾದಿಂದ. ಸುಟ್ಟ ಗಾಯ, ವೆಂಟಿಲೇಟರ್ ಹಾಕಿದ ಶ್ವಾಸಕೋಶ, ಮೂತ್ರದ ಕ್ಯಾಥೆಟರ್ ಇವು ಅದರ ನೆಲೆಗಳು. ಐಸಿಯು ವೈದ್ಯರಿಗೆ ಅದು ಚೆನ್ನಾಗಿ ಗೊತ್ತು. ಕಡಿಮೆ ಸಂಖ್ಯೆಯಲ್ಲಿ ಇರುವಾಗ ಅದು ಹೆಚ್ಚು ಗಲಾಟೆ ಮಾಡುವುದಿಲ್ಲ. ಸಂಖ್ಯೆ ತುಂಬಿದ ಮೇಲೆ ನಮ್ಮ ಅಂಗಾಂಶವನ್ನು ಕರಗಿಸುವ ಎಲಾಸ್ಟೇಸ್ ಎಂಬ ಕಿಣ್ವ, ಪಯೋಸಯನಿನ್ ಎಂಬ ನೀಲಿ-ಹಸಿರು ವಿಷ, ಔಷಧ ಸುಲಭವಾಗಿ ಇಳಿಯದ ಅಂಟು ಪದರ ಎಲ್ಲವನ್ನೂ ಹೊರಗೆ ತೆಗೆಯುತ್ತದೆ. ಈ ನಿರ್ಧಾರದ ಕೀಲಕ ಲಾಸ್‌ಆರ್ ಎಂಬ ಗ್ರಾಹಕ ಪ್ರೋಟೀನ್ ಎಂದು ಬಹುಕಾಲ ಭಾವಿಸಲಾಗಿತ್ತು. ಹಾಗಾದರೆ ಬ್ಯಾಕ್ಟೀರಿಯಾವನ್ನು ಕೊಲ್ಲಬೇಕಾಗಿಲ್ಲ, ಲಾಸ್‌ಆರ್‌ಗೆ ಸುದ್ದಿ ತಲುಪದಂತೆ ಮಾಡಿದರೆ ಅದು ಜೀವಂತವಿದ್ದೂ ನಿರುಪದ್ರವಿಯಾಗಿರುತ್ತದೆ, ಉಳಿದದ್ದನ್ನು ನಮ್ಮ ರೋಗನಿರೋಧಕ ಶಕ್ತಿ ನೋಡಿಕೊಳ್ಳುತ್ತದೆ ಎಂಬುದು ತರ್ಕ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕುಗಳೇ ನೇರ ಕಾರಣವಾಗಿ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂದು 'ಲ್ಯಾನ್ಸೆಟ್' ಪತ್ರಿಕೆಯ 2022ರ ಅಧ್ಯಯನ ಅಂದಾಜಿಸಿದೆ. ಹೊಸ ಬಗೆಯ ಆ್ಯಂಟಿಬಯಾಟಿಕ್‌ಗಳು ದಶಕಗಳಿಂದ ವಿರಳವಾಗಿವೆ. ಅಂಥ ಹೊತ್ತಿನಲ್ಲಿ ಈ ತರ್ಕ ಆಕರ್ಷಕವಾಗಿ ಕಂಡದ್ದು ಸಹಜ. ಪ್ರಕೃತಿಯಲ್ಲಿ ಇದಕ್ಕೆ ಸಾಕ್ಷಿಯೂ ಇತ್ತು. ಆಸ್ಟ್ರೇಲಿಯಾದ ಕಡಲಿನ ಡೆಲಿಸಿಯಾ ಪುಲ್ಕ್ರಾ ಎಂಬ ಕೆಂಪು ಪಾಚಿ ತನ್ನ ಮೈಮೇಲೆ ಬ್ಯಾಕ್ಟೀರಿಯಾ ನೆಲೆಯೂರದಂತೆ ಫ್ಯೂರನೋನ್ ಎಂಬ ಸಂಯುಕ್ತಗಳನ್ನು ಸ್ರವಿಸುತ್ತದೆ. ಅವು ಇದೇ ಸಂವಹನವನ್ನು ಕೆಡಿಸುತ್ತವೆ. ಆದರೆ ಅವು ಮನುಷ್ಯರಿಗೆ ಔಷಧವಾಗಿ ಕೊಡಲಾರದಷ್ಟು ವಿಷಕಾರಿ. ಆದ್ದರಿಂದ ಬೇರೆ ಅಣುಗಳ ಹುಡುಕಾಟ ಶುರುವಾಯಿತು.

ಹುಡುಕಲು ಎರಡು ದಾರಿಗಳಿದ್ದವು. ಒಂದು, ಸಂಯುಕ್ತಗಳನ್ನು ಒಂದೊಂದಾಗಿ ಬ್ಯಾಕ್ಟೀರಿಯಾದ ಮೇಲೆ ಹಾಕಿ ನೋಡುವುದು. 2006ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಯಂತ್ರಗಳ ನೆರವಿನಿಂದ ಸುಮಾರು 2 ಲಕ್ಷ ಸಂಯುಕ್ತಗಳನ್ನು ಹೀಗೆ ಸೋಸಿತು. ಅಷ್ಟು ಹಣ ಎಲ್ಲರ ಬಳಿಯೂ ಇರುವುದಿಲ್ಲ. ಇನ್ನೊಂದು ದಾರಿ ಕಂಪ್ಯೂಟರ್ ಡಾಕಿಂಗ್. 2007ರಲ್ಲಿ ಲಾಸ್‌ಆರ್ ಪ್ರೋಟೀನಿನಲ್ಲಿ ಸಂದೇಶದ ಅಣು ಅಂಟುವ ಭಾಗದ ಮೂರು ಆಯಾಮದ ರಚನೆ, ಪ್ರತಿ ಪರಮಾಣುವಿನ ಜಾಗದ ಸಮೇತ, ಎಲ್ಲರ ಕೈಗೂ ಸಿಕ್ಕಿತು. ಆ ಪ್ರೋಟೀನಿನ ಒಳಗೊಂದು ಪೊಟರೆ ಇದೆ. ಕಂಪ್ಯೂಟರ್ ಒಂದು ಅಣುವನ್ನು ತೆಗೆದುಕೊಂಡು, ಅದನ್ನು ತಿರುಗಿಸಿ ಬಾಗಿಸಿ ಆ ಪೊಟರೆಯೊಳಗೆ ಸಾವಿರಾರು ಬಗೆಯಲ್ಲಿ ಇಟ್ಟು ನೋಡುತ್ತದೆ. ಎಲ್ಲಿ ಹೈಡ್ರೋಜನ್ ಬಂಧ ಏರ್ಪಡುತ್ತದೆ, ಎಣ್ಣೆಯಂಥ ಭಾಗ ಎಣ್ಣೆಯಂಥ ಭಾಗದ ಪಕ್ಕಕ್ಕೆ ಬರುತ್ತದೆಯೇ, ಎಲ್ಲಿ ಇಕ್ಕಟ್ಟಾಗುತ್ತದೆ ಎಂದು ಲೆಕ್ಕ ಹಾಕಿ ಒಂದು ಅಂಕ ಕೊಡುತ್ತದೆ. ಇಂಥ ಲೆಕ್ಕಾಚಾರದ ಬುನಾದಿ ಬಿದ್ದದ್ದು 1982ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಈಗ ಅದರ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತವೆ. 2019ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ, ಬೇರೆ ಪ್ರೋಟೀನುಗಳ ಮೇಲೆ, 10 ಕೋಟಿಗೂ ಹೆಚ್ಚು ಅಣುಗಳನ್ನು ಹೀಗೆ ತೂಗಿ ನೋಡಲಾಯಿತು. ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿಗೂ ಔಷಧ ಸಂಶೋಧನೆಯ ಬಾಗಿಲು ಇದರಿಂದ ತೆರೆಯಿತು. ಇದು ಸಣ್ಣ ಮಾತಲ್ಲ. ಡಾಕಿಂಗನ್ನು ಹಗುರವಾಗಿ ಕಾಣುವವರು ಈ ಸಮಾನತೆಯನ್ನು ಮರೆಯುತ್ತಾರೆ.

ಆದರೂ ಆ ಅಂಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ನೋಡಬೇಕು. ಅಣು ಪೊಟರೆಯಲ್ಲಿ ಕೂರಬಹುದೇ ಎಂಬುದಕ್ಕೆ ಅದು ಅಂದಾಜಿನ ಉತ್ತರ. ಕೂತ ಮೇಲೆ ಪ್ರೋಟೀನ್ ಕೆಲಸ ನಿಲ್ಲಿಸುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಲಾಸ್‌ಆರ್ ವಿಷಯದಲ್ಲಿ ಈ ವ್ಯತ್ಯಾಸ ತೀರಾ ದೊಡ್ಡದು. ಈ ಪ್ರೋಟೀನ್ ಮೊದಲೇ ಸಿದ್ಧವಾಗಿ ನಿಂತು ಸಂದೇಶಕ್ಕೆ ಕಾಯುವಂಥದ್ದಲ್ಲ. ಸಂದೇಶದ ಅಣುವಿನ ಸುತ್ತಲೇ ಮಡಚಿಕೊಂಡು ಗಟ್ಟಿಯಾಗುತ್ತದೆ, ಅಣು ಅದರ ಒಡಲಿನ ಆಳದಲ್ಲಿ ಹುದುಗಿಹೋಗುತ್ತದೆ. ಸಂದೇಶವಿಲ್ಲದೆ ಅದು ಸ್ಥಿರವಾಗಿ ನಿಲ್ಲುವುದೇ ಕಷ್ಟ. 2007ರಲ್ಲಿ ದೊರೆತ ಚಿತ್ರವೂ ಸಂದೇಶವನ್ನು ಒಳಗಿಟ್ಟುಕೊಂಡು ಚುರುಕಾಗಿರುವ ಸ್ಥಿತಿಯದು. ಚುರುಕಾದ ಸ್ಥಿತಿಯ ಪೊಟರೆಗೆ ಚೆನ್ನಾಗಿ ಹೊಂದುವ ಅಣು ಅದನ್ನು ಇನ್ನಷ್ಟು ಚುರುಕುಗೊಳಿಸುವ ಸಾಧ್ಯತೆಯೂ ಇದೆ. ಅಂದರೆ ಅಂಕಪಟ್ಟಿಯ ಮೇಲ್ತುದಿಯಲ್ಲಿ ತಡೆಯುವ ಅಣುವೂ ಪ್ರಚೋದಿಸುವ ಅಣುವೂ ಅಕ್ಕಪಕ್ಕದಲ್ಲೇ ಇರಬಹುದು. ಅವನ್ನು ಬೇರ್ಪಡಿಸಲು ಕಂಪ್ಯೂಟರಿಗೆ ನಾವು ಯಾವ ಮಾಹಿತಿಯನ್ನೂ ಕೊಟ್ಟಿಲ್ಲ. ಕ್ರೋಮೋಬ್ಯಾಕ್ಟೀರಿಯಂ ವಯೋಲೇಸಿಯಂ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಗ್ರಾಹಕ ಪ್ರೋಟೀನಿನಲ್ಲಿ ಈ ತೊಡಕು ಸ್ವಲ್ಪ ಬಗೆಹರಿದಿದೆ. ತಡೆಯುವ ಅಣು ಕೂತಾಗ ಆ ಪ್ರೋಟೀನಿನ ಎರಡು ಭಾಗಗಳು ಡಿಎನ್ಎ ಹಿಡಿಯಲಾಗದಂಥ ಮುಚ್ಚಿದ ಭಂಗಿಗೆ ಬರುತ್ತವೆ ಎಂದು 2011ರಲ್ಲಿ ಕಂಡುಬಂತು. ಇಂಥ ಚಿತ್ರ ಕೈಯಲ್ಲಿದ್ದರೆ ಕಂಪ್ಯೂಟರಿಗೆ ಸರಿಯಾದ ಪ್ರಶ್ನೆ ಕೇಳಬಹುದು. ಆ ಚಿತ್ರ ಬಂದದ್ದು ಪ್ರೋಟೀನನ್ನು ಶುದ್ಧೀಕರಿಸಿ, ಹರಳುಗಟ್ಟಿಸಿ, ಎಕ್ಸ್‌ರೇ ಹಾಯಿಸಿ ತಿಂಗಳುಗಟ್ಟಲೆ ದುಡಿದವರಿಂದ.

ಪ್ರಯೋಗಾಲಯದ ಪರೀಕ್ಷೆ ಎಂದು ಹೇಳಿಕೊಳ್ಳುವುದರಲ್ಲೂ ಎಚ್ಚರ ಬೇಕು. ಈ ಕ್ರೋಮೋಬ್ಯಾಕ್ಟೀರಿಯಂ ಕೋರಂ ತುಂಬಿದಾಗ ನೇರಳೆ ಬಣ್ಣ ತಯಾರಿಸುತ್ತದೆ. ಯಾವುದೋ ಸಂಯುಕ್ತ ಹಾಕಿದಾಗ ಬಣ್ಣ ಮಾಸಿದರೆ ಸಂವಹನ ನಿಂತಿತು ಎಂದು ಬರೆಯುವುದು ಅತ್ಯಂತ ಅಗ್ಗದ, ಅತ್ಯಂತ ಜನಪ್ರಿಯ ಪರೀಕ್ಷೆ. ಆದರೆ ಬ್ಯಾಕ್ಟೀರಿಯಾ ಸ್ವಲ್ಪ ಬಳಲಿದರೂ ಬಣ್ಣ ಮಾಸುತ್ತದೆ. ಬಣ್ಣ ತಯಾರಿಸುವ ಕಿಣ್ವಕ್ಕೆ ಏಟು ಬಿದ್ದರೂ ಮಾಸುತ್ತದೆ. ಇಂಥ ಸಾಕ್ಷ್ಯ ಎಷ್ಟು ಗಟ್ಟಿ ಎಂದು ಬೆಲ್ಜಿಯಂನ ಡೆಫಾರ್ಟ್ ಮತ್ತು ಸಂಗಡಿಗರು 2013ರಲ್ಲೇ ಬಹಿರಂಗವಾಗಿ ಕೇಳಿದರು. ನಮ್ಮಲ್ಲಿ ಲವಂಗ, ಶುಂಠಿ, ಅರಿಶಿನ ಮೊದಲಾದವುಗಳ ಸಾರಗಳ ಮೇಲೆ ನಡೆದಿರುವ ಎಷ್ಟೋ ಕೆಲಸಗಳು ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲೇ ಮುಗಿದುಬಿಡುತ್ತವೆ. ಅರಿಶಿನದ ಕರ್ಕ್ಯುಮಿನ್ ಅಂತೂ ಕಂಪ್ಯೂಟರಿನಲ್ಲಿ ಬಹುತೇಕ ಯಾವ ಪ್ರೋಟೀನಿಗಾದರೂ ಒಳ್ಳೆಯ ಅಂಕ ಗಿಟ್ಟಿಸುತ್ತದೆ. ಅದು ಹಲವು ಬಗೆಯ ಪರೀಕ್ಷೆಗಳನ್ನೇ ಗೊಂದಲಗೊಳಿಸುವ, ದೇಹದಲ್ಲಿ ನಿಲ್ಲದೆ ಬೇಗ ಒಡೆದುಹೋಗುವ ಅಣು ಎಂಬ ಎಚ್ಚರಿಕೆಯನ್ನು ರಸಾಯನ ವಿಜ್ಞಾನಿಗಳು 2017ರಲ್ಲಿ ವಿವರವಾಗಿ ಕೊಟ್ಟಿದ್ದಾರೆ. ಬೆಳ್ಳುಳ್ಳಿಯ ಕಥೆಯೂ ಕಲಿಯುವಂಥದ್ದು. ಅದರ ಸಾರ ಪ್ರಯೋಗಾಲಯದಲ್ಲೂ ಇಲಿಗಳಲ್ಲೂ ಸ್ಯೂಡೊಮೊನಾಸ್ ವಿರುದ್ಧ ಭರವಸೆ ಮೂಡಿಸಿತ್ತು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ಆನುವಂಶಿಕ ಕಾಯಿಲೆಯ 26 ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಪ್ರಾಯೋಗಿಕ ಅಧ್ಯಯನದಲ್ಲಿ ಎದ್ದುಕಾಣುವ ಲಾಭ ಸಿಗಲಿಲ್ಲ. ಅಷ್ಟು ಚಿಕ್ಕ ಅಧ್ಯಯನದಿಂದ ಬೆಳ್ಳುಳ್ಳಿಯನ್ನು ತಳ್ಳಿಹಾಕಲಾಗದು, ನಿಜ, ಎತ್ತಿಹಿಡಿಯಲೂ ಆಗದು.

ಇದಕ್ಕಿಂತ ಆಳದ ತೊಂದರೆ ಗುರಿಯ ಆಯ್ಕೆಯಲ್ಲಿದೆ. ಲಾಸ್‌ಆರ್ ಮೇಲೆ ಇಷ್ಟೊಂದು ಕೆಲಸ ನಡೆಯಲು ಒಂದು ಮುಖ್ಯ ಕಾರಣ ಅದರ ರಚನೆ ನಮಗೆ ತಿಳಿದಿರುವುದು. ಅದರ ಕೈಕೆಳಗಿನದು ಎಂದು ಭಾವಿಸಿದ್ದ ಆರ್‌ಎಚ್‌ಎಲ್‌ಆರ್ ಎಂಬ ಗ್ರಾಹಕದ ರಚನೆ ಸಿಗಲು ಅಲ್ಲಿಂದ ಸುಮಾರು ಒಂದೂವರೆ ದಶಕ ಹಿಡಿಯಿತು. ಈ ನಡುವೆ ರೋಗಿಗಳ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ನೆಲೆಸಿದ ಸ್ಯೂಡೊಮೊನಾಸ್‌ಗಳನ್ನು ತೆಗೆದು ನೋಡಿದಾಗ, ಹಲವದರಲ್ಲಿ ಲಾಸ್‌ಆರ್ ಜೀನ್ ತಾನಾಗಿಯೇ ಕೆಟ್ಟುಹೋಗಿತ್ತು. ಆದರೂ ಅವುಗಳಲ್ಲಿ ಕೆಲವು ಆರ್‌ಎಚ್‌ಎಲ್‌ಆರ್ ಮೂಲಕ ಸಂವಹನ ಮುಂದುವರಿಸಿದ್ದವು. ಅಮೆರಿಕದ ಬಾನಿ ಬ್ಯಾಸ್ಲರ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಸಂಯುಕ್ತವೊಂದು ಸೋಂಕಿತ ಹುಳುಗಳನ್ನು ಸಾವಿನಿಂದ ಕಾಪಾಡಿತು. ಅದು ಎರಡೂ ಗ್ರಾಹಕಗಳನ್ನು ಅರೆಬರೆ ತಡೆಯುವ ಅಣುವಾಗಿದ್ದರೂ, ರಕ್ಷಣೆ ಬಂದದ್ದು ಆರ್‌ಎಚ್‌ಎಲ್‌ಆರ್ ಅನ್ನು ತಡೆದುದರಿಂದ ಎಂದು ಅವರೇ ತೋರಿಸಿದರು. ಲಾಸ್‌ಆರ್ ಪೊಟರೆಗೆ ಎಷ್ಟೇ ಚೆನ್ನಾಗಿ ಹೊಂದುವ ಅಣು ಸಿಕ್ಕಿದರೂ, ಲಾಸ್‌ಆರ್ ಇಲ್ಲದೆಯೇ ಬದುಕು ಕಟ್ಟಿಕೊಂಡ ಬ್ಯಾಕ್ಟೀರಿಯಾದ ಮುಂದೆ ಅದಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ಇದನ್ನು ಕಂಪ್ಯೂಟರ್ ಹೇಳಲಾರದು, ರೋಗಿಯ ಕಫ ಹೇಳುತ್ತದೆ.

ಬೇರೆ ಬ್ಯಾಕ್ಟೀರಿಯಾಗಳಿಗೆ ಹೋದರೆ ತಡೆಯುವುದು ಒಳ್ಳೆಯದೇ ಎಂಬ ಊಹೆಯೇ ತಲೆಕೆಳಗಾಗುತ್ತದೆ. ಸ್ಟ್ಯಾಫಿಲೊಕಾಕಸ್ ಆರಿಯಸ್‌ನಲ್ಲಿ ಸಂವಹನ ಜೋರಾದಾಗ ವಿಷ ಹೆಚ್ಚುತ್ತದೆ, ಆದರೆ ಅಂಟು ಪದರ ಸಡಿಲಗೊಂಡು ಕೋಶಗಳು ಚದುರುತ್ತವೆ. ಅಲ್ಲಿ ಸಂವಹನ ತಡೆದರೆ ಚರ್ಮದ ಹುಣ್ಣಿಗೆ ಅನುಕೂಲವಾಗಬಹುದು. ಕೃತಕ ಕೀಲು ಅಥವಾ ಹೃದಯದ ಕವಾಟದ ಮೇಲೆ ಕೂತ ಸೋಂಕು ಇನ್ನಷ್ಟು ಬೇರೂರಬಹುದು. ಕಾಲರಾ ಬ್ಯಾಕ್ಟೀರಿಯಾ ಪೂರ್ತಿ ಉಲ್ಟಾ. ಅದು ಕಡಿಮೆ ಸಂಖ್ಯೆಯಲ್ಲಿ ಇರುವಾಗಲೇ ರೋಗ ಹುಟ್ಟಿಸುತ್ತದೆ, ಸಂದಣಿ ಹೆಚ್ಚಿದಾಗ ವಿಷವನ್ನೂ ಅಂಟು ಪದರವನ್ನೂ ನಿಲ್ಲಿಸಿ ಕರುಳಿನಿಂದ ಹೊರಬೀಳಲು ಸಜ್ಜಾಗುತ್ತದೆ. ಅದರ ಮಾತು ನಿಲ್ಲಿಸುವ ಔಷಧ ರೋಗವನ್ನು ಉಲ್ಬಣಿಸುತ್ತದೆ. ಅದಕ್ಕೆ ಬೇಕಾದದ್ದು ಸುಳ್ಳು ಸಂದಣಿಯ ಸಂದೇಶ. 2010ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಾಲರಾದ ಸಂದೇಶ ಅಣುವನ್ನು ತಯಾರಿಸುವಂತೆ ಮಾರ್ಪಡಿಸಿದ ನಿರುಪದ್ರವಿ ಇ. ಕೋಲಿಯನ್ನು ಇಲಿಮರಿಗಳಿಗೆ ಮೊದಲೇ ಕುಡಿಸಿ, ಸೋಂಕಿನ ಬಳಿಕವೂ ಅವುಗಳಲ್ಲಿ ಹೆಚ್ಚಿನವು ಬದುಕುಳಿಯುವಂತೆ ಮಾಡಿದರು. ಈ ಕ್ಷೇತ್ರದಲ್ಲಿ ನನಗೆ ತುಂಬ ಮೆಚ್ಚುಗೆಯಾದ ಪ್ರಯೋಗಗಳಲ್ಲಿ ಇದೂ ಒಂದು. ಆ ಬ್ಯಾಕ್ಟೀರಿಯಾದ ಬದುಕನ್ನು ಓದಿಕೊಂಡವರಿಗಷ್ಟೇ ಹೊಳೆಯುವ ಉಪಾಯ ಅದು.

ಈ ವಿಧಾನದ ಪರವಾಗಿ ಹೇಳುವ ದೊಡ್ಡ ಮಾತೆಂದರೆ, ಕೊಲ್ಲದ ಔಷಧಕ್ಕೆ ನಿರೋಧಕತೆ ಬೆಳೆಯುವುದಿಲ್ಲ ಎಂಬುದು. ಇದನ್ನು ಹೀಗೆ ಸರಳವಾಗಿ ಹೇಳುವುದು ತಪ್ಪು. 2012ರಲ್ಲಿ ಅಮೆರಿಕ ಮತ್ತು ಜಪಾನಿನ ಸಂಶೋಧಕರು ಫ್ಯೂರನೋನ್‌ಗೆ ಬಗ್ಗದ ಸ್ಯೂಡೊಮೊನಾಸ್‌ಗಳನ್ನು ತೋರಿಸಿದರು. ಅವು ಔಷಧವನ್ನು ಕೋಶದಿಂದ ಹೊರಗೆ ನೂಕುವ ಪಂಪುಗಳನ್ನು ಹೆಚ್ಚಿಸಿಕೊಂಡಿದ್ದವು. ಆ್ಯಂಟಿಬಯಾಟಿಕ್‌ಗಳ ವಿರುದ್ಧ ಬಳಸುವ ಹಳೆಯ ಪಟ್ಟೇ ಅದು. ಆದರೆ ಆ ಪ್ರಯೋಗದ ಒಂದು ವಿವರ ಮುಖ್ಯ. ಅಲ್ಲಿ ಬ್ಯಾಕ್ಟೀರಿಯಾಗೆ ಕೊಟ್ಟ ಆಹಾರ ಅಡಿನೋಸಿನ್. ಅದನ್ನು ಅರಗಿಸುವ ಕಿಣ್ವ ಕೋಶದೊಳಗೇ ಕೆಲಸ ಮಾಡುತ್ತದೆ, ಅದರ ಲಾಭವೂ ಆ ಕೋಶಕ್ಕೇ. ಎಲಾಸ್ಟೇಸ್ ಹಾಗಲ್ಲ. ಅದು ಹೊರಗೆ ಹರಿದು ಪ್ರೋಟೀನನ್ನು ಒಡೆಯುತ್ತದೆ, ಒಡೆದ ಚೂರು ಅಕ್ಕಪಕ್ಕದ ಎಲ್ಲರ ಪಾಲಾಗುತ್ತದೆ. ಇಂಥ ಕಡೆ ಔಷಧಕ್ಕೆ ಬಗ್ಗದ ಒಂದು ರೂಪಾಂತರಿ ಹುಟ್ಟಿದರೂ, ಅದು ಖರ್ಚು ಮಾಡಿ ತಯಾರಿಸಿದ ಕಿಣ್ವದ ಫಲವನ್ನು ಸುತ್ತಲಿನವು ಪುಕ್ಕಟೆ ತಿನ್ನುತ್ತವೆ, ರೂಪಾಂತರಿ ಮೇಲುಗೈ ಸಾಧಿಸುವುದಿಲ್ಲ. ಮೆಲ್‌ಬೈ ಮತ್ತು ಶುಸ್ಟರ್ 2011ರಲ್ಲಿ ಇದನ್ನು ಪ್ರಯೋಗದಿಂದಲೇ ತೋರಿಸಿದರು. ಹಾಗಾಗಿ ನಿರೋಧಕತೆ ಬರುತ್ತದೋ ಇಲ್ಲವೋ ಎಂಬುದು ಆ ಜಾಗದಲ್ಲಿ ಬ್ಯಾಕ್ಟೀರಿಯಾ ಯಾವ ಆಹಾರ ತಿನ್ನುತ್ತಿದೆ ಎಂಬುದನ್ನು ಅವಲಂಬಿಸಿದೆ. ಗಾಯಕ್ಕೆ ಒಂದು ಉತ್ತರ, ಶ್ವಾಸಕೋಶಕ್ಕೆ ಇನ್ನೊಂದು ಉತ್ತರ ಬರಬಹುದು.

ಕಾಸು ಹಾಕದೆ ಲಾಭ ಪಡೆಯುವ ಈ ಬ್ಯಾಕ್ಟೀರಿಯಾಗಳೇ ಇನ್ನೊಂದು ಅಚ್ಚರಿಯನ್ನು ತಂದವು. ಆಜಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಸ್ಯೂಡೊಮೊನಾಸ್ ಅನ್ನು ಕೊಲ್ಲದಿದ್ದರೂ ಅದರ ಕೋರಂ ಸಂವಹನವನ್ನು ತಗ್ಗಿಸುತ್ತದೆ. ವೆಂಟಿಲೇಟರ್ ನಳಿಕೆ ಹಾಕಿದ ರೋಗಿಗಳಲ್ಲಿ ಅದನ್ನು ಕೊಟ್ಟು ನೋಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಔಷಧ ಪಡೆಯದ ರೋಗಿಗಳಲ್ಲಿ ದಿನ ಕಳೆದಂತೆ ಲಾಸ್‌ಆರ್ ಕೆಟ್ಟ, ವಿಷ ತಯಾರಿಸದ, ಪರರ ದುಡಿಮೆಯಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಹೆಚ್ಚಾದವು. ಔಷಧ ಪಡೆದವರಲ್ಲಿ ಎಲ್ಲವೂ ಸುಮ್ಮನಿದ್ದುದರಿಂದ ಪುಕ್ಕಟೆ ತಿನ್ನುವವಕ್ಕೆ ವಿಶೇಷ ಲಾಭ ಉಳಿಯಲಿಲ್ಲ. ವಿಷ ತಯಾರಿಸುವ ಸಾಮರ್ಥ್ಯವಿರುವ ಮೂಲ ತಳಿಯೇ ಉಳಿದುಕೊಂಡಿತು. ಚಿಕಿತ್ಸೆ ನಿಂತ ದಿನ ಆ ರೋಗಿಯೊಳಗೆ ಇರುವುದು ಹೆಚ್ಚು ಅಪಾಯದ ಬ್ಯಾಕ್ಟೀರಿಯಾ. ಇದನ್ನು ಓದಿದ ಮೇಲೂ ಡಾಕಿಂಗ್ ಅಂಕವೊಂದನ್ನೇ ಹಿಡಿದು 'ನಿರೋಧಕತೆಯ ಭಯವಿಲ್ಲದ ಔಷಧ' ಎಂದು ಬರೆಯುವುದು ಹೊಣೆಗೇಡಿತನ.

ಹಾಗಾದರೆ ಈ ಇಡೀ ದಾರಿಯನ್ನೇ ಬಿಟ್ಟುಬಿಡೋಣವೇ ಎಂದು ಕೇಳಬಹುದು. ಬಿಡಬಾರದು. ಒಂಟಿಯಾಗಿ ಅಲ್ಲ, ಆ್ಯಂಟಿಬಯಾಟಿಕ್ ಜೊತೆಗೆ ಕೊಟ್ಟಾಗ ಇವುಗಳ ಬೆಲೆ ಗೊತ್ತಾಗುತ್ತದೆ. ಇಲಿಗಳ ದೇಹದೊಳಗೆ ಸ್ಯೂಡೊಮೊನಾಸ್ ಅಂಟಿದ ಸಿಲಿಕೋನ್ ತುಂಡು ಇಟ್ಟು ನಡೆಸಿದ, 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಟೋಬ್ರಾಮೈಸಿನ್ ಮತ್ತು ಸಂವಹನ ತಡೆಯುವ ಸಂಯುಕ್ತ ಎರಡನ್ನೂ ಬೇಗನೆ ಕೊಟ್ಟಾಗ, ಒಂದೊಂದನ್ನೇ ಕೊಟ್ಟದ್ದಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾಗಳು ನಿರ್ಮೂಲವಾದವು. ಕೃಷಿಯಲ್ಲಿ ಇನ್ನೂ ವಿಶಾಲ ಅವಕಾಶವಿದೆ. ಸಿಂಗಪುರದ ಸಂಶೋಧಕರು ಸಂದೇಶದ ಅಣುವನ್ನೇ ಒಡೆಯುವ ಕಿಣ್ವದ ಜೀನ್ ಸೇರಿಸಿದ ಆಲೂಗಡ್ಡೆ ಮತ್ತು ತಂಬಾಕು ಗಿಡಗಳು ಕೊಳೆರೋಗವನ್ನು ತಡೆದುಕೊಂಡವು ಎಂದು 2001ರಲ್ಲೇ ತೋರಿಸಿದ್ದರು. ಉತ್ತರ ಕರ್ನಾಟಕದ ದಾಳಿಂಬೆ ಬೆಳೆಗಾರರನ್ನು ಹೈರಾಣಾಗಿಸಿರುವ ದುಂಡಾಣು ಅಂಗಮಾರಿಯೂ, ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಎಲೆ ಅಂಗಮಾರಿಯೂ ಕ್ಸಾಂಥೊಮೊನಾಸ್ ಜಾತಿಯ ಬ್ಯಾಕ್ಟೀರಿಯಾಗಳ ಕೆಲಸ. ಆ ಜಾತಿಗೂ ತನ್ನದೇ ಸಂದೇಶದ ಅಣುಗಳಿವೆ. ಮನುಷ್ಯರ ಚಿಕಿತ್ಸೆಗೆ ಬೇಕಾದ ಸ್ಟ್ರೆಪ್ಟೊಮೈಸಿನ್ ತೋಟಗಳಿಗೆ ಸಿಂಪಡಣೆಯಾಗಿ ಹೋಗುತ್ತಿದ್ದ ನಾಡಿನಲ್ಲಿ, ಬೆಳೆಗೆಂದೇ ಸಂವಹನ ತಡೆಯುವ ಅಣುವನ್ನು ಹುಡುಕಿ ಹೊಲದಲ್ಲಿ ಪರೀಕ್ಷಿಸುವುದು ಸಾರ್ಥಕ ಕೆಲಸ.

ಕೃತಕ ಬುದ್ಧಿಮತ್ತೆ ಬಂದಿದೆ, ಇನ್ನು ಈ ಕೊರತೆಗಳೆಲ್ಲ ತೀರುತ್ತವೆ ಎಂಬ ಮಾತೂ ಕೇಳಿಬರುತ್ತಿದೆ. ಪ್ರೋಟೀನುಗಳ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್‌ಗಾಗಿ ಹಸಾಬಿಸ್ ಮತ್ತು ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಪಾಲು ಸಂದದ್ದು ನ್ಯಾಯವೇ. ಆದರೆ ಎಂಐಟಿ ವಿಜ್ಞಾನಿಗಳು 2020ರಲ್ಲಿ ಹ್ಯಾಲಿಸಿನ್ ಎಂಬ ಹೊಸ ಆ್ಯಂಟಿಬಯಾಟಿಕ್ ಅಣುವನ್ನು ಕಂಡುಹಿಡಿದ ಬಗೆಯನ್ನು ಗಮನಿಸಿ. ಅವರು ಮೊದಲು 2,335 ಅಣುಗಳನ್ನು ನಿಜವಾದ ಇ. ಕೋಲಿಯ ಮೇಲೆ ಹಾಕಿ, ಯಾವುದು ಬೆಳವಣಿಗೆ ತಡೆಯಿತು, ಯಾವುದು ತಡೆಯಲಿಲ್ಲ ಎಂದು ಅಳೆದರು. ಆ ಫಲಿತಾಂಶಗಳಿಂದ ಯಂತ್ರ ಕಲಿಯಿತು. ತಡೆಯದ ಅಣುಗಳ ದಾಖಲೆಯೂ ಕಲಿಕೆಯ ಭಾಗವಾಗಿತ್ತು. ಸಂವಹನ ತಡೆಯುವ ಅಣುಗಳ ಲೋಕದಲ್ಲಿ ಇಂಥ ಶುದ್ಧ ದಾಖಲೆ ತೀರಾ ಕಡಿಮೆ. ಸತ್ತಿತೋ ಇಲ್ಲವೋ ಎಂದು ನೋಡುವುದು ಸುಲಭ; ಬದುಕಿದ್ದೂ ವಿಷ ಬಿಡುತ್ತಿಲ್ಲ, ಅದೂ ಬಳಲಿಕೆಯಿಂದಲ್ಲ, ಸಂದೇಶ ತಲುಪದ್ದರಿಂದ ಎಂದು ಖಚಿತಪಡಿಸುವುದು ಕಷ್ಟ. ಪ್ರಕಟವಾಗುವುದು ಗೆದ್ದವುಗಳ ಕಥೆ; ಒಳ್ಳೆಯ ಅಂಕ ಪಡೆದೂ ಪ್ರಯೋಗಾಲಯದಲ್ಲಿ ಸೋತ ಅಣುಗಳು ಕಪಾಟಿನಲ್ಲಿ ಉಳಿಯುತ್ತವೆ. ಅವುಗಳಿಲ್ಲದೆ ಯಾವ ಯಂತ್ರವೂ ತಡೆಯುವ ಅಣುವನ್ನು ಪ್ರಚೋದಿಸುವ ಅಣುವಿನಿಂದ ಬೇರ್ಪಡಿಸಲು ಕಲಿಯಲಾರದು.

ಪ್ರಯೋಗಾಲಯದ ಕೆಲಸಕ್ಕೆ ಹಣ ಬೇಕು, ನಮ್ಮ ಕಾಲೇಜುಗಳಲ್ಲಿ ಅದಿಲ್ಲ, ಅದಕ್ಕೇ ಕಂಪ್ಯೂಟರಿನಲ್ಲಿ ನಿಲ್ಲುತ್ತೇವೆ ಎಂದು ಅಧ್ಯಾಪಕರು ಹೇಳಿದರೆ ಅದು ನೆಪವಲ್ಲ, ವಾಸ್ತವ. ಆದರೆ ಅದನ್ನು ಸರಿಪಡಿಸಬೇಕಾದವರು ಅನುದಾನ ಕೊಡುವವರು. ಡಾಕಿಂಗ್ ಯೋಜನೆಯೊಂದಕ್ಕೆ ಮಂಜೂರಾತಿ ಕೊಡುವಾಗಲೇ, ಅದರಿಂದ ಬರುವ ಮೊದಲ ಇಪ್ಪತ್ತು ಅಣುಗಳನ್ನು ಆಸ್ಪತ್ರೆಯಿಂದ ತಂದ ತಳಿಗಳ ಮೇಲೆ, ಬೆಳವಣಿಗೆಯನ್ನೂ ಅಳೆಯುತ್ತ ಪರೀಕ್ಷಿಸುವ ಹಣವನ್ನೂ ಸೇರಿಸಲಿ. ಆ ಸೌಲಭ್ಯವಿಲ್ಲದ ಕಾಲೇಜನ್ನು ಇರುವ ಸಂಸ್ಥೆಯ ಜೊತೆ ಜೋಡಿಸಲಿ. ಪಿಎಚ್‌ಡಿ ಮಾರ್ಗದರ್ಶಕರು ಸೋತ ಅಣುಗಳ ಪಟ್ಟಿಯನ್ನೂ ಪ್ರಬಂಧದ ಅಧ್ಯಾಯವಾಗಿ ಒಪ್ಪಿಕೊಳ್ಳಲಿ. ಪತ್ರಿಕೆಗಳು ಅದನ್ನು ಅಚ್ಚು ಹಾಕಲಿ.